ಆಸ್ಟಿನ್‌ನಲ್ಲಿ ಊಟಕ್ಕೆ ಕೂತ ಹನ್ನೆರಡು ಜನ

1987ರ ನವೆಂಬರ್. ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್‌ನಲ್ಲಿ ಆಪರೇಟಿಂಗ್ ಸಿಸ್ಟಮ್ ತಜ್ಞರ ಸಮ್ಮೇಳನ ನಡೆದಿತ್ತು. ಆಗ ಎರಡು ವರ್ಷಕ್ಕೊಮ್ಮೆ ಸೇರುತ್ತಿದ್ದ ಈ ಕೂಟಕ್ಕೆ ಆ ವಿದ್ಯೆಯವರಲ್ಲಿ ಬಹಳ ಮರ್ಯಾದೆ. ಅಲ್ಲೊಂದು ಪ್ರಬಂಧ ಮಂಡಿಸಿದರೆ ಹೆಸರು ನಿಂತಂತೆಯೇ. ಬಂದವರಲ್ಲಿ ಹೆಂಗಸರು ಬೆರಳೆಣಿಕೆಯಷ್ಟು. ಅವರಲ್ಲಿ ಆರೇಳು ಜನ ಮಹಿಳೆಯರ ಶೌಚಾಲಯದಲ್ಲಿ ಎದುರಾದರು. ಇಷ್ಟು ದೊಡ್ಡ ಸಭೆಯಲ್ಲಿ ನಾವು ಇಷ್ಟೇ ಜನವೇ ಎಂಬ ಮಾತು ಅಲ್ಲೇ ಹುಟ್ಟಿತು. ಅವರಲ್ಲೊಬ್ಬರಾದ ಅನಿತಾ ಬೋರ್ಗ್ ಅವರ ಹೋಟೆಲ್ ಕೋಣೆಯಲ್ಲಿ, ಸಿಕ್ಕವರನ್ನೆಲ್ಲ ಕರೆದು ಒಟ್ಟಿಗೆ ಊಟ ಮಾಡುವುದೆಂದಾಯಿತು. ಹನ್ನೆರಡು ಜನ ಸೇರಿದರು. ಎದ್ದು ಹೋಗುವ ಮುನ್ನ ಒಬ್ಬರಿಗೊಬ್ಬರು ಇಮೇಲ್ ವಿಳಾಸ ಕೊಟ್ಟುಕೊಂಡರು.

ಆಗ ಇಮೇಲ್ ವಿಳಾಸವೆಂಬುದು ಎಲ್ಲರ ಬಳಿ ಇರುವಂಥದ್ದಲ್ಲ. ವಿಶ್ವವಿದ್ಯಾಲಯಗಳು, ಸಂಶೋಧನಾಲಯಗಳು, ಕೆಲವು ಕಂಪ್ಯೂಟರ್ ಕಂಪನಿಗಳು, ಇಷ್ಟರ ಒಳಗಿದ್ದವರಿಗೆ ಮಾತ್ರ ಅದು ಸಿಗುತ್ತಿತ್ತು. ಆ ಹನ್ನೆರಡು ಜನ ಆ ಒಳಗಿನವರೇ. ಸಿಸ್ಟಮ್, ಸಿಸ್ಟರ್ ಎರಡನ್ನೂ ಬೆಸೆದು ತಮ್ಮ ಬಳಗಕ್ಕೆ ‘ಸಿಸ್ಟರ್ಸ್’ ಎಂದು ಹೆಸರಿಟ್ಟರು. ಒಬ್ಬರು ಬರೆದ ಪತ್ರ ಬಳಗದ ಎಲ್ಲರಿಗೂ ತಲುಪುವ ಏರ್ಪಾಡು. ಕಂಪ್ಯೂಟರ್ ಕ್ಷೇತ್ರದ ಮಹಿಳೆಯರಿಗಾಗಿ ಸಂಘಗಳು ಮೊದಲೇ ಇರಲಿಲ್ಲವೆಂದಲ್ಲ, ವಾಷಿಂಗ್ಟನ್‌ನಲ್ಲಿ 1978ರಲ್ಲೇ ಒಂದು ಹುಟ್ಟಿತ್ತು. ಆದರೆ ಊರೂರಿಗೆ ಚದುರಿಹೋದವರನ್ನು ದಿನವೂ ಮಾತಿಗೆ ಕೂಡಿಸುವ ಉಪಾಯ ಈ ಊಟದಿಂದ ಬಂತು.

ಬೋರ್ಗ್ 1949ರಲ್ಲಿ ಶಿಕಾಗೋದಲ್ಲಿ ಹುಟ್ಟಿದವರು. ಕಂಪ್ಯೂಟರ್ ಕಲಿಯಲೇಬೇಕೆಂದು ಹೊರಟವರಲ್ಲ. ಸಣ್ಣ ವಿಮಾ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಾಗ ಪ್ರೋಗ್ರಾಮ್ ಬರೆಯುವುದನ್ನು ತಾವೇ ಕಲಿತುಕೊಂಡರು. 1981ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಬಂತು. ಯಂತ್ರದ ಒಂದು ಭಾಗ ಕೈಕೊಟ್ಟರೂ ಕೆಲಸ ನಿಲ್ಲದಂಥ ಆಪರೇಟಿಂಗ್ ಸಿಸ್ಟಮ್ ಕಟ್ಟುವುದರಲ್ಲಿ ಕೆಲವು ವರ್ಷ ಕಳೆದರು, ಅದಕ್ಕಾಗಿ ಜರ್ಮನಿಯ ನಿಕ್ಸ್‌ಡಾರ್ಫ್ ಕಂಪನಿಯಲ್ಲೂ ದುಡಿದರು. 1986ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದು ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಸಂಶೋಧನಾಲಯ ಸೇರಿದರು. ಓಡುತ್ತಿರುವ ಪ್ರೋಗ್ರಾಮ್ ಮೆಮೊರಿಯ ಯಾವ ಯಾವ ಜಾಗವನ್ನು ಕೇಳಿತು ಎಂಬುದನ್ನು ಒಂದೂ ಬಿಡದೆ ದಾಖಲಿಸುವ ವಿಧಾನವನ್ನು ರೂಪಿಸಿದ್ದು ಅಲ್ಲಿ. ವೇಗದ ಮೆಮೊರಿ ವಿನ್ಯಾಸ ಮಾಡುವವರಿಗೆ ಇಂಥ ದಾಖಲೆ ಇಲ್ಲದಿದ್ದರೆ ಕತ್ತಲಲ್ಲಿ ತಡಕಾಡಿದಂತೆ. ಇಷ್ಟನ್ನು ಹೇಳಲು ಕಾರಣವಿದೆ. ಬೋರ್ಗ್ ಹೆಸರನ್ನು ಇಂದು ಎಲ್ಲರೂ ನೆನೆಯುವುದು ಸಂಘಟಕಿಯೆಂದು. ಅವರು ಮೊದಲು ಪಳಗಿದ ಸಿಸ್ಟಮ್ ಇಂಜಿನಿಯರ್. ಬಳಗದ ಪತ್ರಗಳ ಹೊರೆ ಹೆಚ್ಚಿದಾಗ ಅದನ್ನು ನಿಭಾಯಿಸಲು ‘ಮೆಕ್ಕಾ’ ಎಂಬ ಇಮೇಲ್ ವ್ಯವಸ್ಥೆಯನ್ನು ತಾವೇ ಕಟ್ಟಿದರು.

ಆ ಹೊತ್ತಿಗೆ ಅಮೆರಿಕದಲ್ಲಿ ಒಂದು ವಿಚಿತ್ರ ಇಳಿಮುಖ ಶುರುವಾಗಿತ್ತು. 1984ರ ಸುಮಾರಿಗೆ ಅಲ್ಲಿ ಕಂಪ್ಯೂಟರ್ ವಿಜ್ಞಾನದ ಪದವಿ ಪಡೆದವರಲ್ಲಿ ಶೇ. 37ರಷ್ಟು ಹೆಂಗಸರಿದ್ದರು. ಅಲ್ಲಿಂದ ಮುಂದೆ ಈ ಪ್ರಮಾಣ ಕುಸಿಯುತ್ತಲೇ ಹೋಗಿ, 2010ರ ಹೊತ್ತಿಗೆ ಶೇ. 18ರ ಆಸುಪಾಸಿಗೆ ಇಳಿಯಿತು. ವೈದ್ಯಕೀಯದಲ್ಲಿ, ವಕೀಲಿಕೆಯಲ್ಲಿ ಹೆಂಗಸರ ಪಾಲು ಏರುತ್ತಿದ್ದ ವರ್ಷಗಳಲ್ಲೇ ಇಲ್ಲಿ ಇಳಿತ. ಮನೆಮನೆಗೆ ಕಂಪ್ಯೂಟರ್ ಬಂದ ಕಾಲವದು. ಅದನ್ನು ತಂದು ಇಡುತ್ತಿದ್ದುದು ಮಗನ ಕೋಣೆಯಲ್ಲಿ. ಜಾಹೀರಾತುಗಳಲ್ಲೂ ಹುಡುಗರೇ. ವಿಶ್ವವಿದ್ಯಾಲಯಗಳ ಒಳಗಿನ ಹವೆ ಹೇಗಿತ್ತೆಂಬುದಕ್ಕೆ ಎಂಐಟಿಯ ವಿದ್ಯಾರ್ಥಿನಿಯರು ಮತ್ತು ಸಂಶೋಧಕಿಯರು ಸೇರಿ 1983ರಲ್ಲಿ ಬರೆದ ವರದಿಯೊಂದಿದೆ. ಯಾರೂ ಬಾಗಿಲಲ್ಲಿ ನಿಂತು ತಡೆಯಲಿಲ್ಲ. ಸಣ್ಣ ಸಣ್ಣ ಮಾತು, ಅಸಡ್ಡೆ, ಚುಡಾಯಿಸುವಿಕೆ ದಿನದಿನವೂ ಕೂಡಿ ಹೇಗೆ ಹೊರೆಯಾಗುತ್ತದೆಂದು ಅದು ತಣ್ಣನೆಯ ದನಿಯಲ್ಲಿ ಪಟ್ಟಿ ಮಾಡಿತು.

ಸಿಸ್ಟರ್ಸ್‌ಗೆ ಬೋರ್ಗ್ ಹಾಕಿದ ಕಟ್ಟಳೆಗಳು ಬಿಗಿಯಾಗಿದ್ದವು. ಹೆಂಗಸರಿಗೆ ಮಾತ್ರ ಪ್ರವೇಶ, ಅದರಲ್ಲೂ ತಾಂತ್ರಿಕ ಶಿಕ್ಷಣ ಪಡೆದವರಿಗೆ. ಮಾತು ಆದಷ್ಟು ಕಸುಬಿನ ಸುತ್ತ ಇರಬೇಕು. ಒಳಗೆ ಬರೆದದ್ದನ್ನು ಬರೆದವರ ಒಪ್ಪಿಗೆಯಿಲ್ಲದೆ ಹೊರಗೆ ಒಯ್ಯುವಂತಿಲ್ಲ. ಕೆಲಸ ಬಿಡಲೇ, ಈ ಗೈಡ್ ಹತ್ತಿರ ಪಿಎಚ್‌ಡಿ ಮಾಡಬಹುದೇ, ಮೀಟಿಂಗಿನಲ್ಲಿ ನಾನು ಹೇಳಿದ್ದನ್ನೇ ಹತ್ತು ನಿಮಿಷದ ಮೇಲೆ ಇನ್ನೊಬ್ಬ ಹೇಳಿ ಹೊಗಳಿಸಿಕೊಂಡರೆ ಏನು ಮಾಡಲಿ, ಇಂಥ ಪ್ರಶ್ನೆಗಳನ್ನು ಪಕ್ಕದ ಮೇಜಿನವರನ್ನು ಕೇಳಲಾಗುವುದಿಲ್ಲ. ಇಡೀ ಕಟ್ಟಡದಲ್ಲಿ ತಾನೊಬ್ಬಳೇ ಆದವಳಿಗೆ ಕೇಳಲು ಬೇರೆ ಯಾರೂ ಇರುವುದೂ ಇಲ್ಲ. ಗಂಡಸರನ್ನು ಹೊರಗಿಡುವುದು ಅನ್ಯಾಯವಲ್ಲವೇ ಎಂಬ ಆಕ್ಷೇಪ ಬಂದೇ ಬಂತು. ಅದಕ್ಕೆ ಬೋರ್ಗ್ ಲಿಖಿತವಾಗಿ ಕೊಟ್ಟ ಉತ್ತರದ ಸಾರ ಇಷ್ಟು: ನಾವು ಬಹಳ ಕಡಿಮೆ ಜನ, ಬಹಳ ದೂರ ದೂರ ಇದ್ದೇವೆ, ನಾವು ನಾವೇ ಮಾತಾಡಿಕೊಳ್ಳುವ ಒಂದು ಜಾಗ ಇಲ್ಲದಿದ್ದರೆ ಉಳಿದೆಲ್ಲ ಕಡೆ ಮಾತಾಡುವ ಧೈರ್ಯವೂ ಬರುವುದಿಲ್ಲ. ನನಗೆ ಈ ವಾದ ಪೂರ್ತಿ ಒಪ್ಪಿಗೆ. ಪ್ರಯೋಗಾಲಯವೇ ಗಂಡಸರ ಕ್ಲಬ್ಬಾಗಿದ್ದ ಕಾಲದಲ್ಲಿ ಅದನ್ನು ಯಾರೂ ಕ್ಲಬ್ ಎಂದು ಕರೆಯಲಿಲ್ಲ, ಅಷ್ಟೇ.

ಕಸುಬಿನ ಮಾತಷ್ಟೇ ಎಂಬ ಕಟ್ಟಳೆ ಒಮ್ಮೊಮ್ಮೆ ಸಡಿಲಾಗುತ್ತಿತ್ತು. 1992ರಲ್ಲಿ ಮ್ಯಾಟೆಲ್ ಕಂಪನಿ ಮಾತಾಡುವ ಬಾರ್ಬಿ ಗೊಂಬೆಯನ್ನು ಮಾರುಕಟ್ಟೆಗೆ ಬಿಟ್ಟಿತು. ಒಟ್ಟು 270 ವಾಕ್ಯಗಳು. ಪ್ರತಿ ಗೊಂಬೆಯ ಹೊಟ್ಟೆಯಲ್ಲೂ ಅವುಗಳಿಂದ ಆರಿಸಿದ ನಾಲ್ಕು. ಗಣಿತದ ಕ್ಲಾಸು ಕಷ್ಟ ಎಂಬುದು ಅವುಗಳಲ್ಲೊಂದು. ಆ ವಾಕ್ಯ ನುಡಿಯುವ ಗೊಂಬೆ ಎಲ್ಲರಿಗೂ ಸಿಗುತ್ತಿರಲಿಲ್ಲ, ಆದರೆ ಸಿಕ್ಕವರು ಸುಮ್ಮನಿರಲಿಲ್ಲ. ಅಮೆರಿಕದ ಪದವೀಧರೆಯರ ಸಂಘ ಪ್ರತಿಭಟಿಸಿತು, ಸಿಸ್ಟರ್ಸ್ ಬಳಗವೂ ಜೊತೆಗೂಡಿತು. ಅಕ್ಟೋಬರಿನಲ್ಲಿ ಕಂಪನಿ ಆ ವಾಕ್ಯವನ್ನು ತೆಗೆದುಹಾಕಿ, ಬೇಕಾದವರಿಗೆ ಗೊಂಬೆ ಬದಲಾಯಿಸಿಕೊಡಲು ಒಪ್ಪಿತು. ಗೊಂಬೆಯ ಬಾಯಿ ಮುಚ್ಚಿಸಿದ್ದರಿಂದ ಎಷ್ಟು ಹುಡುಗಿಯರು ಗಣಿತಕ್ಕೆ ಬಂದರೋ ದೇವರೇ ಬಲ್ಲ. ಆದರೆ ಚದುರಿದ್ದವರು ಒಟ್ಟಾಗಿ ಕೂಗಿದರೆ ಕಂಪನಿಯೊಂದಕ್ಕೆ ಕೇಳಿಸುತ್ತದೆಂದು ಬಳಗಕ್ಕೆ ಗೊತ್ತಾಯಿತು.

ಇಷ್ಟರಲ್ಲಿ ಬೇರೆ ಕಡೆಯೂ ಕೆಲಸ ಶುರುವಾಗಿತ್ತು. 1991ರಲ್ಲಿ ಕಂಪ್ಯೂಟರ್ ಸಂಶೋಧನಾ ವಿಭಾಗಗಳ ಒಕ್ಕೂಟ ಮಹಿಳೆಯರ ಸ್ಥಿತಿಗತಿಗೆಂದೇ ಸಮಿತಿ ಮಾಡಿತು, ಬೇಸಿಗೆ ರಜೆಯಲ್ಲಿ ವಿದ್ಯಾರ್ಥಿನಿಯರನ್ನು ಬೇರೆ ಊರಿನ ಪ್ರಾಧ್ಯಾಪಕರ ಜೊತೆ ಸಂಶೋಧನೆಗೆ ಹಚ್ಚುವ ಯೋಜನೆ ಅದರದು. 1993ರಲ್ಲಿ ಎಸಿಎಂ ಎಂಬ ಕಂಪ್ಯೂಟರ್ ತಜ್ಞರ ಸಂಘದೊಳಗೆ ಇನ್ನೊಂದು ಮಹಿಳಾ ಸಮಿತಿ ಬಂತು. ಇವೆಲ್ಲ ಸದ್ದಿಲ್ಲದೆ ನಡೆದವು. ಸದ್ದು ಮಾಡಿದ್ದು ಬೋರ್ಗ್ ಮತ್ತು ಅವರ ಗೆಳತಿ ಟೆಲ್ ವಿಟ್ನಿ ಹಾಕಿಕೊಂಡ ಮಹಿಳಾ ಸಮ್ಮೇಳನದ ಯೋಜನೆ. ವಿಟ್ನಿ ಕ್ಯಾಲ್‌ಟೆಕ್‌ನಲ್ಲಿ ಡಾಕ್ಟರೇಟ್ ಪಡೆದು ಚಿಪ್ ಉದ್ಯಮ ಸೇರಿದವರು. ಇಬ್ಬರೂ ಒಂದು ರಾತ್ರಿ ಊಟಕ್ಕೆ ಕೂತು ಖಾಲಿ ಹಾಳೆಯೊಂದನ್ನು ಮುಂದಿಟ್ಟುಕೊಂಡರು. ಸಮ್ಮೇಳನ ನಡೆಸುವುದು ಹೇಗೆಂದು ಇಬ್ಬರಿಗೂ ಗೊತ್ತಿರಲಿಲ್ಲ. 1994ರ ಜೂನಿನಲ್ಲಿ ವಾಷಿಂಗ್ಟನ್‌ನಲ್ಲಿ ಸಮ್ಮೇಳನ ನಡೆದಾಗ ಸುಮಾರು 500 ಜನ ಬಂದರು. ವೇದಿಕೆಯ ಮೇಲೆ ಹೆಂಗಸರು, ಕೆಳಗೆ ಹೆಂಗಸರು, ಮಾತು ಮಾತ್ರ ಅಲ್ಗಾರಿದಮ್ಮು, ನೆಟ್‌ವರ್ಕು, ಚಿಪ್ಪಿನದು. ಕಷ್ಟ ಹೇಳಿಕೊಳ್ಳುವ ಸಭೆಯಾಗಿದ್ದರೆ ಇದು ಎರಡನೇ ಸಲ ನಡೆಯುತ್ತಿತ್ತೋ ಇಲ್ಲವೋ.

ಸಮ್ಮೇಳನಕ್ಕೆ ಇಟ್ಟ ಹೆಸರು ಗ್ರೇಸ್ ಹಾಪರ್ ಅವರದು. 1952ರಲ್ಲಿ, ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಮೊದಮೊದಲ ಕಂಪೈಲರ್ ಬರೆದ, ನೌಕಾಪಡೆಯಲ್ಲಿ ರಿಯರ್ ಅಡ್ಮಿರಲ್ ಪದವಿವರೆಗೆ ಏರಿದ ಹಾಪರ್ 1992ರ ಜನವರಿ 1ರಂದು ತೀರಿಕೊಂಡಿದ್ದರು. ಹಾಪರ್ ಅವರ ಹೆಸರು ಮೊದಲಿಂದಲೂ ಎಲ್ಲರಿಗೆ ಗೊತ್ತು, ಆದರೆ ಎಲ್ಲರ ಪಾಡೂ ಹಾಗಿರಲಿಲ್ಲ. ಎನಿಯಾಕ್ ಎಂಬ ಕೋಣೆ ತುಂಬುವ ಯಂತ್ರವನ್ನು 1946ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಲೋಕಕ್ಕೆ ತೋರಿಸಿದಾಗ, ಅದಕ್ಕೆ ಪ್ರೋಗ್ರಾಮ್ ಹೊಂದಿಸಿದವರು ಆರು ಹೆಂಗಸರು: ಕ್ಯಾಥ್ಲೀನ್ ಮೆಕ್‌ನಲ್ಟಿ, ಬೆಟ್ಟಿ ಜೀನ್ ಜೆನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ಸಿಸ್ ಬಿಲಾಸ್, ರುತ್ ಲಿಕ್ಟರ್‌ಮನ್. ಪ್ರದರ್ಶನ ಮುಗಿದ ಮೇಲಿನ ಔತಣಕ್ಕೆ ಅವರಿಗೆ ಕರೆ ಬರಲಿಲ್ಲ. 1980ರ ದಶಕದಲ್ಲಿ ಹಾರ್ವರ್ಡ್ ವಿದ್ಯಾರ್ಥಿನಿ ಕ್ಯಾಥಿ ಕ್ಲೈಮನ್ ಹಳೆಯ ಫೋಟೋಗಳಲ್ಲಿ ಯಂತ್ರದ ಪಕ್ಕ ನಿಂತ ಈ ಹೆಂಗಸರನ್ನು ಕಂಡು ಯಾರಿವರೆಂದು ವಿಚಾರಿಸಿದರು. ಸಿಕ್ಕ ಉತ್ತರ: ಫ್ರಿಜ್ ಜಾಹೀರಾತಿನಲ್ಲಿ ಹುಡುಗಿಯರನ್ನು ನಿಲ್ಲಿಸುತ್ತಾರಲ್ಲ, ಹಾಗೆ, ಚೆಂದಕ್ಕೆ. ಕ್ಲೈಮನ್ ಅದನ್ನು ನಂಬದೆ ಹುಡುಕಿ ಹೊರಟು, ಆಗ ಬದುಕಿದ್ದವರನ್ನೇ ಕಂಡು ಮಾತಾಡಿಸಿದರು. 1997ರಲ್ಲಿ ಆರೂ ಜನರ ಹೆಸರು ತಂತ್ರಜ್ಞಾನದ ಮಹಿಳೆಯರ ಅಂತರರಾಷ್ಟ್ರೀಯ ಗೌರವಪಟ್ಟಿ ಸೇರಿತು. ಯಂತ್ರ ಓಡಿ 51 ವರ್ಷ ಕಳೆದಿತ್ತು.

ಅದೇ 1997ರಲ್ಲಿ ಬೋರ್ಗ್ ಡಿಜಿಟಲ್ ಕಂಪನಿ ಬಿಟ್ಟು ಜೆರಾಕ್ಸ್ ಸಂಶೋಧನಾ ಕೇಂದ್ರ ಸೇರಿ, ಮಹಿಳೆ ಮತ್ತು ತಂತ್ರಜ್ಞಾನದ ಸಂಸ್ಥೆಯೊಂದನ್ನು ಸ್ಥಾಪಿಸಿದರು. 2020ರ ಹೊತ್ತಿಗೆ ಈ ಕ್ಷೇತ್ರದಲ್ಲಿ ಅರ್ಧಕ್ಕರ್ಧ ಹೆಂಗಸರಿರಬೇಕೆಂಬುದು ಅವರ ಗುರಿ. ಎರಡೇ ವರ್ಷದಲ್ಲಿ ಮಿದುಳಿನಲ್ಲಿ ಗೆಡ್ಡೆ ಇರುವುದು ಗೊತ್ತಾಯಿತು. 2002ರವರೆಗೆ ಸಂಸ್ಥೆಯ ಹೊಣೆ ಹೊತ್ತು, ಆಮೇಲೆ ಅದನ್ನು ವಿಟ್ನಿ ಅವರಿಗೆ ವಹಿಸಿ, 2003ರ ಏಪ್ರಿಲ್ 6ರಂದು ತೀರಿಕೊಂಡರು. ವಯಸ್ಸು 54. ಸಂಸ್ಥೆಗೆ ಅವರದೇ ಹೆಸರಾಯಿತು.

ಇತ್ತ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಬೇರೊಂದು ಕಥೆ ನಡೆಯುತ್ತಿತ್ತು. ಈ ಇಡೀ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದೇ. 1995ರಲ್ಲಿ ಅಲ್ಲಿ ಕಂಪ್ಯೂಟರ್ ವಿಜ್ಞಾನದ ಪದವಿಗೆ ಸೇರಿದವರಲ್ಲಿ ಹುಡುಗಿಯರು ಶೇ. 7. ಸಮಾಜವಿಜ್ಞಾನಿ ಜೇನ್ ಮಾರ್ಗೋಲಿಸ್ ಮತ್ತು ಆ ವಿಭಾಗದ ಅಲನ್ ಫಿಶರ್ ನಾಲ್ಕು ವರ್ಷ ವಿದ್ಯಾರ್ಥಿಗಳನ್ನು ಮತ್ತೆ ಮತ್ತೆ ಕೂರಿಸಿ ಮಾತಾಡಿಸಿದರು. ಕೇಳಿಸಿಕೊಂಡದ್ದು ಅವರಿಗೇ ಹೊಸದು. ಬಿಟ್ಟು ಹೋಗುತ್ತಿದ್ದ ಹುಡುಗಿಯರಲ್ಲಿ ಒಳ್ಳೆಯ ಅಂಕ ಬಂದವರೂ ಇದ್ದರು. ಮೊದಲು ಹೋಗುತ್ತಿದ್ದುದು ಆತ್ಮವಿಶ್ವಾಸ, ಆಮೇಲೆ ಆಸಕ್ತಿ. ಚಿಕ್ಕಂದಿನಿಂದ ಯಂತ್ರದ ಜೊತೆ ಆಡಿ ಬಂದ ಹುಡುಗರು ಮೊದಲ ವಾರವೇ ಬಾಯಿತುಂಬ ತಾಂತ್ರಿಕ ಮಾತು ಆಡುತ್ತಿದ್ದರೆ, ಇದು ನನ್ನಂಥವಳ ಜಾಗವಲ್ಲ ಎಂದು ಇವರು ತೀರ್ಮಾನಿಸುತ್ತಿದ್ದರು. ರಾತ್ರಿಹಗಲು ಯಂತ್ರದ ಕನಸು ಕಾಣುವವನೇ ನಿಜವಾದ ಕಂಪ್ಯೂಟರ್ ವಿಜ್ಞಾನಿ ಎಂಬ ಚಿತ್ರ ಎಲ್ಲರ ತಲೆಯಲ್ಲೂ ಕೂತಿತ್ತು. ವೈದ್ಯಕೀಯಕ್ಕೋ ಶಿಕ್ಷಣಕ್ಕೋ ಕಂಪ್ಯೂಟರನ್ನು ಬಳಸಬೇಕೆಂದು ಬಂದವಳಿಗೆ ಆ ಚಿತ್ರದಲ್ಲಿ ತನ್ನ ಮುಖ ಕಾಣಿಸುತ್ತಿರಲಿಲ್ಲ. ಮುಖ್ಯವಾಗಿ ಇನ್ನೊಂದು ವಿಷಯ ಹೊರಬಿತ್ತು: ಮೊದಲೇ ಪ್ರೋಗ್ರಾಮಿಂಗ್ ಬಲ್ಲವರು ಕೊನೆಯ ವರ್ಷದ ಹೊತ್ತಿಗೆ ಬಾರದವರಿಗಿಂತ ಮುಂದಿರುತ್ತಾರೆಂಬ ನಂಬಿಕೆಗೆ ಆಧಾರವೇ ಇರಲಿಲ್ಲ.

ಹಾಗಿದ್ದ ಮೇಲೆ ಪ್ರವೇಶಕ್ಕೆ ಅದನ್ನೇಕೆ ನೋಡಬೇಕು? ವಿಶ್ವವಿದ್ಯಾಲಯ ಪ್ರವೇಶದ ಅಳತೆಗೋಲನ್ನು ಬದಲಾಯಿಸಿತು. ಹಿಂದಿನ ಅನುಭವಕ್ಕೆ ಕೊಡುತ್ತಿದ್ದ ತೂಕ ಇಳಿಯಿತು, ಮುಂದಾಳುತನದಂಥ ಗುಣಗಳಿಗೆ ಏರಿತು. ಮೊದಲ ವರ್ಷದಲ್ಲಿ ಬಂದವರ ತಿಳಿವಿಗೆ ತಕ್ಕಂತೆ ಬೇರೆ ಬೇರೆ ಆರಂಭದ ಕೋರ್ಸುಗಳಾದವು. ಹೈಸ್ಕೂಲು ಶಿಕ್ಷಕರನ್ನು ಬೇಸಿಗೆಯಲ್ಲಿ ಕರೆಸಿ ಸಿ ಪ್ಲಸ್ ಪ್ಲಸ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುವಾಗಲೇ, ತರಗತಿಯಲ್ಲಿ ಹುಡುಗಿಯರು ಏಕೆ ಹಿಂದೆ ಸರಿಯುತ್ತಾರೆಂಬ ಚರ್ಚೆಯನ್ನೂ ಸೇರಿಸಿದರು. ಆಗ ಆ ವಿಭಾಗದ ಡೀನ್ ಆಗಿದ್ದವರು ಆಂಧ್ರ ಮೂಲದ ರಾಜ್ ರೆಡ್ಡಿ. 1999ರಲ್ಲಿ ಗಣಿತಜ್ಞೆ ಲೆನೋರ್ ಬ್ಲಮ್ ಬಂದು ವಿದ್ಯಾರ್ಥಿನಿಯರ ಸಂಘವನ್ನು ಕಟ್ಟಿದರು. ಹುಡುಗಿಯರಿಗಾಗಿ ಪಠ್ಯವನ್ನು ಸಡಿಲ ಮಾಡುವ ಅಗತ್ಯವಿಲ್ಲ ಎಂಬುದು ಅವರ ಹಟ. ಹುಡುಗರಿಗೆ ಹಾಸ್ಟೆಲಿನ ಪಟ್ಟಾಂಗದಲ್ಲಿ ತಾನಾಗಿ ಸಿಗುವ ಪರಿಚಯ, ಸೀನಿಯರ್‌ಗಳ ಸಲಹೆ, ಇಂಟರ್ನ್‌ಶಿಪ್ಪಿನ ಸುದ್ದಿ ಹುಡುಗಿಯರಿಗೂ ಸಿಕ್ಕರೆ ಸಾಕು ಎಂದರು. 2000ದಲ್ಲಿ ಸೇರಿದ ತಂಡದಲ್ಲಿ ಹುಡುಗಿಯರು ಶೇ. 42. ಐದು ವರ್ಷದಲ್ಲಿ ಹುಡುಗಿಯರ ಮಿದುಳೇನೂ ಬದಲಾಗಿರಲಿಲ್ಲವಲ್ಲ.

ಮಾರ್ಗೋಲಿಸ್ ಮತ್ತು ಫಿಶರ್ ತಮ್ಮ ಅಧ್ಯಯನವನ್ನು 2002ರಲ್ಲಿ ಪುಸ್ತಕವಾಗಿ ತಂದರು. ಓದಿದವರು ಬಹಳ, ಅನುಸರಿಸಿದವರು ಕಡಿಮೆ. ಅನುಸರಿಸಿದವರಲ್ಲಿ ಹೆಸರಾದದ್ದು ಕ್ಯಾಲಿಫೋರ್ನಿಯಾದ ಹಾರ್ವಿ ಮಡ್ ಎಂಬ ಪುಟ್ಟ ಕಾಲೇಜು. 2006ರಲ್ಲಿ ಮರಿಯಾ ಕ್ಲಾವೆ ಅದರ ಅಧ್ಯಕ್ಷೆಯಾದರು. ಮೊದಲ ಕೋರ್ಸನ್ನು ಅನುಭವ ಇದ್ದವರಿಗೊಂದು, ಇಲ್ಲದವರಿಗೊಂದು ಎಂದು ಒಡೆದು, ಜಾವಾ ಭಾಷೆ ಬಿಟ್ಟು ಪೈಥಾನ್ ಹಿಡಿದರು. ಕ್ಲಾಸಿನಲ್ಲಿ ತನಗೆ ಎಲ್ಲ ಗೊತ್ತೆಂದು ಮೆರೆಯುವ ಹುಡುಗನನ್ನು ಮೇಷ್ಟರು ಗದರಿಸುತ್ತಿರಲಿಲ್ಲ. ಪಕ್ಕಕ್ಕೆ ಕರೆದು, ನಿನಗೆ ಬಹಳ ತಿಳಿದಿದೆ, ಉಳಿದವರು ಹೆದರುತ್ತಾರೆ, ನಾವಿಬ್ಬರೂ ಕ್ಲಾಸಿನ ಆಚೆ ಮಾತಾಡೋಣ ಎನ್ನುತ್ತಿದ್ದರಂತೆ. ಜೊತೆಗೆ ಮೊದಲ ವರ್ಷದ ಹುಡುಗಿಯರನ್ನು ಗ್ರೇಸ್ ಹಾಪರ್ ಸಮ್ಮೇಳನಕ್ಕೆ ಕರೆದೊಯ್ಯುವ ಪರಿಪಾಠ ಹಾಕಿದರು. ಶೇ. 10ರಷ್ಟಿದ್ದ ಪ್ರಮಾಣ ಕೆಲವೇ ವರ್ಷಗಳಲ್ಲಿ 40ಕ್ಕೆ ಏರಿತು. ಆಸ್ಟಿನ್‌ನಿಂದ ಹೊರಟ ದಾರಿ ಮತ್ತು ಪಿಟ್ಸ್‌ಬರ್ಗ್‌ನಿಂದ ಹೊರಟ ದಾರಿ ಕೂಡಿದ್ದು ಇಲ್ಲಿ. ಸಮ್ಮೇಳನ ಜೊತೆಗಾರ್ತಿಯರನ್ನು ತೋರಿಸಿತು, ಕಾಲೇಜು ತನ್ನ ನಿಯಮವನ್ನು ತಾನೇ ತಿದ್ದಿಕೊಂಡಿತು. ಒಂದನ್ನು ಬಿಟ್ಟು ಇನ್ನೊಂದನ್ನು ಮಾಡಿದ ಕಡೆಗಳಲ್ಲಿ ಭಾಷಣಗಳೇ ಹೆಚ್ಚಾದವು.

ತಿದ್ದಿಕೊಂಡ ಕಡೆಯೂ ಎಲ್ಲ ನೆಟ್ಟಗಾಯಿತೆಂದಲ್ಲ. ಸುಮಾರು ಇಪ್ಪತ್ತು ವರ್ಷ ದುಡಿದ ಲೆನೋರ್ ಬ್ಲಮ್, ತಮಗೆ ಆದ ಲಿಂಗತಾರತಮ್ಯದ ವರ್ತನೆಯನ್ನು ಕಾರಣವಾಗಿ ಹೇಳಿ 2018ರಲ್ಲಿ ಕಾರ್ನೆಗಿ ಮೆಲನ್‌ಗೆ ರಾಜೀನಾಮೆ ಕೊಟ್ಟರು. ಹುಡುಗಿಯರ ಸಂಖ್ಯೆ ಅಷ್ಟರಲ್ಲಿ ಅಲ್ಲಿ ಅರ್ಧದ ಹತ್ತಿರ ಬಂದಿತ್ತು.

ಸಮ್ಮೇಳನ ಮಾತ್ರ ಬೆಳೆಯುತ್ತಲೇ ಹೋಯಿತು. ಮೊದಲು ಎರಡು ಮೂರು ವರ್ಷಕ್ಕೊಮ್ಮೆ ನಡೆಯುತ್ತಿದ್ದುದು 2006ರಿಂದ ವರ್ಷವರ್ಷವೂ ಆಯಿತು. 2014ರಲ್ಲಿ ಸುಮಾರು 8,000, 2017ರಲ್ಲಿ ಸುಮಾರು 18,000 ಜನ. ಅಷ್ಟು ಜನ ಸೇರುವಲ್ಲಿಗೆ ಕಂಪನಿಗಳು ಬರದಿರುತ್ತವೆಯೇ? ಪ್ರಬಂಧಗಳಿಗಿಂತ ಉದ್ಯೋಗ ಮೇಳದ ಗದ್ದಲ ದೊಡ್ಡದಾಯಿತು. 2014ರ ಅಕ್ಟೋಬರಿನಲ್ಲಿ ಫೀನಿಕ್ಸ್‌ನಲ್ಲಿ ಮೈಕ್ರೋಸಾಫ್ಟ್ ಮುಖ್ಯಸ್ಥ ಸತ್ಯ ನಾಡೆಲ್ಲ ಅವರನ್ನು ವೇದಿಕೆಯ ಮೇಲೆ ಸಂದರ್ಶಿಸಿದವರು ಇದೇ ಮರಿಯಾ ಕ್ಲಾವೆ. ಸಂಬಳ ಹೆಚ್ಚು ಮಾಡಿ ಎಂದು ಕೇಳಲು ಅಳುಕುವ ಹೆಂಗಸರಿಗೆ ಏನು ಹೇಳುತ್ತೀರಿ ಎಂಬುದು ಪ್ರಶ್ನೆ. ಕೇಳುವ ಅಗತ್ಯವಿಲ್ಲ, ವ್ಯವಸ್ಥೆಯ ಮೇಲೆ ನಂಬಿಕೆಯಿಡಿ, ಕೇಳದಿರುವುದೂ ಒಳ್ಳೆಯ ಕರ್ಮ, ಅದು ತಾನಾಗಿ ಫಲ ಕೊಡುತ್ತದೆ ಎಂಬ ಧಾಟಿಯಲ್ಲಿ ಉತ್ತರಿಸಿದರು ನಮ್ಮ ಮಣಿಪಾಲದಲ್ಲಿ ಓದಿದ ನಾಡೆಲ್ಲ. ಕ್ಲಾವೆ ಅಲ್ಲೇ, ಅದೇ ವೇದಿಕೆಯಲ್ಲಿ, ಈ ಮಾತು ನನಗೊಪ್ಪಿಗೆಯಿಲ್ಲ ಎಂದರು. ಅವರು ಆಗ ಮೈಕ್ರೋಸಾಫ್ಟ್‌ನ ನಿರ್ದೇಶಕ ಮಂಡಳಿಯಲ್ಲಿದ್ದವರು ಎಂಬುದನ್ನು ಮರೆಯಬಾರದು. ಅಂದೇ ನಾಡೆಲ್ಲ, ತಾನು ಹೇಳಿದ್ದು ಪೂರ್ತಿ ತಪ್ಪು ಎಂದು ಕಂಪನಿಯ ಎಲ್ಲರಿಗೂ ಬರೆದರು.

ಒಂಬತ್ತು ವರ್ಷದ ಬಳಿಕ ಒರ್ಲಾಂಡೊದಲ್ಲಿ ಆದದ್ದು ಇನ್ನೂ ವಿಚಿತ್ರ. ತಂತ್ರಜ್ಞಾನ ಕಂಪನಿಗಳು ಸಾವಿರಾರು ಜನರನ್ನು ಮನೆಗೆ ಕಳಿಸಿದ್ದ ವರ್ಷವದು. ಕೆಲಸ ಹುಡುಕುವ ಗಂಡಸರು 2023ರ ಸೆಪ್ಟೆಂಬರಿನಲ್ಲಿ ಟಿಕೆಟ್ ಕೊಂಡು ಉದ್ಯೋಗ ಮೇಳಕ್ಕೆ ನುಗ್ಗಿದರು. ಕ್ಯೂ ಹಾರಿ, ತಳ್ಳಾಡಿ, ಕಂಪನಿಗಳ ಮಳಿಗೆಗಳ ಮುಂದೆ ಗುಂಪುಗೂಡಿದರು. ನೋಂದಣಿಯಲ್ಲಿ ಕೆಲವರು ತಮ್ಮ ಲಿಂಗವನ್ನೇ ಸುಳ್ಳು ಬರೆದಿದ್ದಾರೆಂದು ಸಂಘಟಕರು ವೇದಿಕೆಯಿಂದಲೇ ದೂರಿದರು. ಹಾಗಾದರೆ ಗಂಡಸರಿಗೆ ಪ್ರವೇಶ ನಿಷೇಧಿಸಿ ಎಂದರೆ ಅದೂ ಆಗದು. ತಾರತಮ್ಯ ತಡೆಯುವ ಕಾನೂನೇ ಅಡ್ಡ ಬರುತ್ತದೆ. ಹನ್ನೆರಡು ಜನರ ಬಳಗಕ್ಕೆ ಬಾಗಿಲು ಹಾಕಿಕೊಳ್ಳುವುದು ಸುಲಭವಿತ್ತು. ಸಂಬಳದ ಕೆಲಸವನ್ನೇ ಹಂಚುವ ಸಂತೆಯಾದ ಮೇಲೆ ಬಾಗಿಲು ಯಾರ ಕೈಯಲ್ಲೂ ಉಳಿಯಲಿಲ್ಲ. ಬೋರ್ಗ್ ಇಟ್ಟಿದ್ದ 2020ರ ಗಡುವೂ ಅಷ್ಟರಲ್ಲಿ ದಾಟಿಹೋಗಿತ್ತು. ಅಮೆರಿಕದ ಕಂಪ್ಯೂಟರ್ ಪದವೀಧರರಲ್ಲಿ ಹೆಂಗಸರು ಆಗಲೂ ಐದರಲ್ಲೊಂದು ಪಾಲಿನ ಆಸುಪಾಸಿನಲ್ಲೇ ಇದ್ದರು.

ಈ ಸಮ್ಮೇಳನದ ಭಾರತದ ಆವೃತ್ತಿ ಶುರುವಾದದ್ದು ಬೆಂಗಳೂರಿನಲ್ಲಿ, 2010ರ ಡಿಸೆಂಬರಿನಲ್ಲಿ. ಔಷಧ ಅದೇ, ರೋಗ ಬೇರೆ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಕಂಪ್ಯೂಟರ್ ಸೈನ್ಸ್ ಬ್ರಾಂಚಿನಲ್ಲಿ ಹುಡುಗಿಯರಿಗೆ ಬರವಿಲ್ಲ. ಬಿಸಿಲಲ್ಲಿ ನಿಲ್ಲಬೇಕಾಗಿಲ್ಲದ, ಒಳಗೆ ಕೂತು ಮಾಡುವ ಕೆಲಸವೆಂದು ಅಪ್ಪ ಅಮ್ಮಂದಿರೇ ಅದನ್ನು ಆರಿಸಿಕೊಡುತ್ತಾರೆ. ಹುಡುಗಿ ಕಂಪ್ಯೂಟರಿಗೆ ತಕ್ಕವಳಲ್ಲ ಎಂಬ ಅಮೆರಿಕದ ಚಿತ್ರ ಇಲ್ಲಿ ಬೇರೂರಲೇ ಇಲ್ಲ. ಇಲ್ಲಿ ಸೋರಿಕೆಯಾಗುವುದು ಆಮೇಲೆ, ಮದುವೆ, ಬಸಿರು, ಅತ್ತೆ ಮಾವಂದಿರ ಆರೈಕೆ, ಗಂಡನಿಗೆ ವರ್ಗವಾದ ಊರು ಇವುಗಳ ನಡುವೆ. ಹಾಗಾಗಿ ಬೆಂಗಳೂರಿನಲ್ಲಿ ಸೇರಿದವರಿಗೆ ಕಾಲೇಜಿನ ಪ್ರವೇಶ ನಿಯಮ ತಿದ್ದಿದ ಪಿಟ್ಸ್‌ಬರ್ಗ್‌ನ ಪಾಠ ಇದ್ದಹಾಗೆ ಉಪಯೋಗಕ್ಕೆ ಬರುವುದಿಲ್ಲ, ನಿಯಮ ತಿದ್ದಬೇಕೆಂಬ ಅದರ ರೀತಿ ಮಾತ್ರ ಬರುತ್ತದೆ. ಇಲ್ಲೂ ಅಂಥ ತಿದ್ದುಪಡಿಗಳಾಗಿವೆ. ಹೆಂಗಸರು ರಾತ್ರಿಪಾಳಿ ಮಾಡಕೂಡದೆಂದಿದ್ದ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, ವಾಹನ ಮತ್ತು ಭದ್ರತೆ ಒದಗಿಸುವ ಷರತ್ತಿನ ಮೇಲೆ ಐಟಿ ಕಂಪನಿಗಳಿಗೆ ವಿನಾಯಿತಿ ಕೊಟ್ಟಿತು. ಆ ವಾಹನದ ಷರತ್ತಿನಿಂದ ಎಷ್ಟೋ ಮನೆಗಳಲ್ಲಿ ಅಪ್ಪಂದಿರು ಒಪ್ಪಿದರು. 2017ರಲ್ಲಿ ಕೇಂದ್ರ ಸರ್ಕಾರ ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿ, 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರ ಕಡ್ಡಾಯ ಮಾಡಿತು. ರಜೆಯ ಸಂಬಳದ ಭಾರ ಪೂರ್ತಿ ಕಂಪನಿಯ ಮೇಲೆ ಬೀಳುವಂತೆ ಇದ್ದದ್ದು ಹಾಗೆಯೇ ಉಳಿಯಿತು. ಸಣ್ಣ ಕಂಪನಿಯೊಂದು ಹೊಸದಾಗಿ ಮದುವೆಯಾದವಳನ್ನು ಸಂದರ್ಶನಕ್ಕೆ ಕರೆಯುವಾಗ ಈ ಲೆಕ್ಕವನ್ನು ಮನಸ್ಸಿನಲ್ಲೇ ಹಾಕುತ್ತದೆ, ಬಾಯಿಬಿಟ್ಟು ಹೇಳುವುದಿಲ್ಲ.